ತುದಿ ಇಲ್ಲದ ಕಪ್ಪು ಬಟ್ಟೆ

ಮಪುತ್ಸೊ,
ಜೂನ್ ೧೪, ಶನಿವಾರ ಮಧ್ಯಾಹ್ನ.

ಪ್ರೀತಿಯ ಅತ್ತೆಮ್ಮನವರಿಗೆ, ನಿಮ್ಮ ಸೊಸೆ ಮಾಲಿಂಪೊ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಬ್ಲೂಮ್‌ಫಾಂಟೇನಿನಲ್ಲಿ ನಮ್ಮಲ್ಲಿಗಿಂತ ಚಳಿ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಾದಿನಿ ಲಿಸೆಬೊ ಮನೆಯ ನೆಲ ಸಿಮೆಂಟಿನದು, ಬರಿಗಾಲಲ್ಲಿ ಓಡಾಡಬೇಡಿ. ಮಾತ್ರೆಯನ್ನು ಊಟ ಮಾಡಿಯೇ ನುಂಗಿ. ಲಿಸೆಬೊಗೆ ಹಾಲು ಚೆನ್ನಾಗಿ ಬರುತ್ತಿದೆಯೇ? ಹುಳಿಗಂಜಿ ಮಾಡಿ ಕೊಡುತ್ತಿದ್ದೀರಿ ತಾನೆ? ಮಗುವಿನ ಹೊಕ್ಕುಳು ಒಣಗಿತೇ? ಮಗುವನ್ನು ನೋಡಬೇಕೆಂದು ಬಹಳ ಆಸೆ. ಆದರೆ ಮೈಮೇಲೆ ಸೂತಕದ ಬಟ್ಟೆ ಇರುವವಳು ಹಸುಗೂಸಿನ ಹತ್ತಿರ ಬರುವುದು ಹೇಗೆ? ಬಂದು ಆಮೇಲೆ ಮಗುವಿಗೆ ಒಂದು ನೆಗಡಿಯಾದರೂ ನನ್ನ ಜೀವ ಹೋದಂತೆ. ಇಲ್ಲಿ ನಿಮ್ಮ ಮೊಮ್ಮಗಳು ಲಿಂಪೊಗೆ ಕೆಮ್ಮು ಇತ್ತು, ಈಗ ಕಡಿಮೆ. ರಾತ್ರಿ ಎದ್ದು ಎದ್ದು ಅವಳ ಉಸಿರು ಕೇಳಿಸಿಕೊಳ್ಳುತ್ತೇನೆ. ಕೆಮ್ಮಿದರೆ ಭಯ, ಕೆಮ್ಮದಿದ್ದರೆ ಇನ್ನೂ ಭಯ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ನಿಮ್ಮ ಕೋಳಿಗಳು ಕ್ಷೇಮ. ಕುಂಟ ಹುಂಜ ಮಾತ್ರ ಬಾಗಿಲ ಬಳಿ ನಿಂತು ನಿಮ್ಮನ್ನೇ ಹುಡುಕುತ್ತದೆ.

ಫೋನ್ ಇರುವಾಗ ಇವಳು ಯಾಕೆ ಕಾಗದ ಬರೆಯುತ್ತಾಳೆ ಎಂದು ನೀವು ಕೇಳುತ್ತೀರಿ. ಹೋದ ಭಾನುವಾರ ನೀವು ಫೋನಿನಲ್ಲಿ ಹೇಳಿದ್ದಕ್ಕೆಲ್ಲ ನಾನು ಹೂಂ ಹೂಂ ಎಂದೆ. ನಿಮ್ಮ ದನಿ ಕೇಳಿದರೆ ನನ್ನ ಬಾಯಲ್ಲಿ ಬೇರೆ ಮಾತು ಹುಟ್ಟುವುದಿಲ್ಲ, ಮದುವೆಯಾಗಿ ಬಂದ ದಿನದಿಂದಲೂ ಹಾಗೇ. ಕಾಗದವಾದರೆ ನೀವು ಎದುರಿಗಿರುವುದಿಲ್ಲ, ಧೈರ್ಯ ಬರುತ್ತದೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಅಮ್ಮನ ಜೊತೆ ಕುರಿ ಕಾಯಲು ಹೋದವಳು. ತಪ್ಪುಗಳಿದ್ದರೆ ಲಿಸೆಬೊ ಓದುವಾಗ ಸರಿ ಮಾಡಿಕೊಳ್ಳಲಿ, ಆದರೆ ವಿಷಯವನ್ನು ಸರಿ ಮಾಡುವುದು ಬೇಡ. ಬರೆದದ್ದನ್ನು ಬರೆದ ಹಾಗೇ ಓದಲಿ.

ನೀವು ಹೇಳಿದ್ದು ಇಷ್ಟು. "ಸತ್ತೋನು ಅರ್ಥ ಮಾಡ್ಕೋತಾನೆ ಕಣಮ್ಮ, ಸಂಬಳ ಕೊಡೋನು ಮಾಡ್ಕೊಳಲ್ಲ. ಆ ಕರಿ ಶಾಲು ತೆಗೆದ್ಬಿಡು. ಸೆಚಾಬಾನಿಗೆ ಹೇಳಿದೀನಿ, ಮುಂದಿನ ಭಾನುವಾರ ಕುರಿ ತಗೊಂಡು ಬರ್ತಾನೆ, ಸೂತಕ ಇಳಿಸೋ ಶಾಸ್ತ್ರ ಮುಗಿಸ್ತಾನೆ." ಈ ಮಾತನ್ನು ನೀವು ಕೋಪದಿಂದ ಹೇಳಲಿಲ್ಲ, ನನ್ನ ಹೊಟ್ಟೆಪಾಡಿನ ಚಿಂತೆಯಿಂದ ಹೇಳಿದಿರಿ. ನಿಮ್ಮ ಮಗನ ಸೂತಕವನ್ನು ಅರ್ಧಕ್ಕೇ ಇಳಿಸಿಬಿಡು ಎನ್ನುವುದು ಹೆತ್ತ ತಾಯಿಗೆ ಸುಲಭವೇ? ಅದಕ್ಕೇ ನಡೆದದ್ದನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ನಿಮಗೆ ಅರ್ಧ ಗೊತ್ತು, ಆ ಅರ್ಧವೂ ಸೆಚಾಬಾ ಭಾವನ ಬಾಯಿಂದ ಬಂದದ್ದು. ಭಾವನ ಬಾಯಲ್ಲಿ ಹಾದರೆ ಚಳಿಗಾಲದ ಒಣ ತೊರೆಯೂ ಪ್ರವಾಹವಾಗುತ್ತದೆ.

ಮಾರ್ಚಿನಲ್ಲಿ ನಿಮ್ಮ ಮಗ ತ್ಸೆಲಿಸೊನನ್ನು ಮಣ್ಣು ಮಾಡಿ ಬಂದ ಮೇಲೆ ನೀವು ನನಗೆ ಕರಿ ಉಡುಪು ತೊಡಿಸಿದಿರಿ, ಮೇಲೆ ಕರಿ ಶಾಲು ಹೊದಿಸಿ ಎದೆಯ ಹತ್ತಿರ ದೊಡ್ಡ ಪಿನ್ನು ಚುಚ್ಚಿದಿರಿ. ನಾನು ಅದನ್ನು ಹೊದ್ದೇ ಕಾರ್ಖಾನೆಗೆ ಹೋದೆ. ಮೊದಲು ಯಾರೂ ಏನೂ ಅನ್ನಲಿಲ್ಲ. ಸೂತಕದವಳು ಸಂಜೆ ಹೊತ್ತು ಮುಳುಗುವ ಮೊದಲು ಮನೆ ಸೇರಬೇಕಲ್ಲ, ಆಗ ಇನ್ನೂ ಚಳಿಗಾಲ ಬಂದಿರಲಿಲ್ಲ, ಹಗಲು ಉದ್ದವಿತ್ತು, ಅದೂ ನಡೆಯಿತು. ಮೇ ತಿಂಗಳಲ್ಲಿ ನಮ್ಮ ಪಕ್ಕದ ಲೈನಿನ ಒಬ್ಬ ಹುಡುಗಿಯ ಕುತ್ತಿಗೆಯ ಸ್ಕಾರ್ಫ್ ಹೊಲಿಗೆ ಯಂತ್ರದ ಬೆಲ್ಟಿಗೆ ಸಿಕ್ಕಿಕೊಂಡಿತು. ಅತ್ತೆಮ್ಮ, ನಾನು ಕಣ್ಣಾರೆ ನೋಡಿದೆ. ಯಾರೋ ತುದಿ ಹಿಡಿದು ಎಳೆದ ಹಾಗೆ ಅವಳ ತಲೆ ಮೇಜಿಗೆ ಬಡಿಯಿತು, ಮುಖ ನೀಲಿಯಾಯಿತು. ಮೆಕ್ಯಾನಿಕ್ ಓಡಿ ಬಂದು ಕರೆಂಟು ನಿಲ್ಲಿಸಿದ. ಬದುಕಿದಳು, ಕುತ್ತಿಗೆಯ ಸುತ್ತ ಹಗ್ಗದ ಹಾಗೆ ಬರೆ ಮಾತ್ರ ಉಳಿಯಿತು. ಮಾರನೇ ದಿನ ಗೇಟಿನಲ್ಲಿ ನೋಟೀಸು ಹಚ್ಚಿದರು. ಶಾಲು, ಕಂಬಳಿ, ಸ್ಕಾರ್ಫ್, ಇಳಿಬಿದ್ದ ಬಟ್ಟೆ ಯಾವುದೂ ಯಂತ್ರದ ಹತ್ತಿರ ಕೂಡದು.

ನಿಜ ಹೇಳಬೇಕೆಂದರೆ ಆ ನೋಟೀಸು ಸರಿಯೇ. ನಾನೇ ಮ್ಯಾನೇಜರ್ ಆಗಿದ್ದರೂ ಅದನ್ನೇ ಹಚ್ಚುತ್ತಿದ್ದೆ, ಬಹುಶಃ ನನ್ನ ಹೆದರಿಕೆಗೆ ಯಂತ್ರವನ್ನೇ ನಿಲ್ಲಿಸಿಬಿಡುತ್ತಿದ್ದೆ. ನಾವು ಹೊಲಿಯುವ ಜಾಕೆಟ್ ಕೊಳ್ಳುವ ಕಂಪನಿಯವರು ವಿಮಾನ ಹತ್ತಿ ಬಂದು ನಮ್ಮ ಕಿಟಕಿ, ಕಕ್ಕಸು, ಬೆಂಕಿ ಆರಿಸುವ ಡಬ್ಬ ಎಲ್ಲ ನೋಡುತ್ತಾರೆ. ಒಬ್ಬಳ ಕುತ್ತಿಗೆ ಹೋಯಿತೆಂದರೆ ಆರ್ಡರು ಬೇರೆ ದೇಶಕ್ಕೆ ಹೋಗುತ್ತದೆ, ಆಮೇಲೆ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಒಲೆ ಹತ್ತುವುದಿಲ್ಲ. ಕಾರ್ಖಾನೆ ಅವರದ್ದು, ಆದರೆ ಅದು ಮುಚ್ಚಿದರೆ ಹಸಿವು ನಮ್ಮದು. ಇದು ನನಗೆ ಅರ್ಥವಾಗುತ್ತದೆ. ಸೆಚಾಬಾ ಭಾವ ಹೇಳಿದ ಹಾಗೆ "ಪರದೇಶದೋರು ನಮ್ಮ ಸಂಪ್ರದಾಯದ ಮೇಲೆ ಉಗೀತಾರೆ" ಎನ್ನುವುದೆಲ್ಲ ಸುಳ್ಳು, ಯಾರೂ ಉಗಿದಿಲ್ಲ.

ನನ್ನನ್ನು ಆಫೀಸಿಗೆ ಕರೆದರು. ಅಲ್ಲಿ ಕೆನೆವೊ ಮೇಡಂ ಇದ್ದರು. ಕೆಲಸಗಾರರ ರಜೆ, ದೂರು ನೋಡಿಕೊಳ್ಳುವ ನಮ್ಮವರೇ ಆದ ಹೆಂಗಸು, ಮಸೇರುವಿನಲ್ಲಿ ಓದಿದವರು. ಪಕ್ಕದಲ್ಲಿ ಗುವೊ ಸಾಹೇಬರು, ನಮ್ಮ ಮ್ಯಾನೇಜರು. ಗುವೊ ಸಾಹೇಬರು ತಮ್ಮ ತೋಳು ಮುಟ್ಟಿ ತೋರಿಸಿ ಏನೋ ಹೇಳಿದರು. ಮೇಡಂ ಬಿಡಿಸಿ ಹೇಳಿದರು, "ಅವರ ಊರಲ್ಲಿ ಅಪ್ಪ ಸತ್ತಾಗ ಇವರೂ ತೋಳಿಗೆ ಒಂದು ಚೂರು ಬಟ್ಟೆ ಸಿಗಿಸ್ಕೊಂಡಿದ್ರಂತೆ. ನೀನೂ ಹಂಗೇ ಮಾಡು. ಪೇಟೆಯೋರು ಎಷ್ಟೋ ಜನ ಈಗ ಹಂಗೇ ಮಾಡ್ತಾರಲ್ಲ ಮಾಲಿಂಪೊ." ಆತ ಕೆಟ್ಟವನಲ್ಲ ಅತ್ತೆಮ್ಮ. ಅಪ್ಪನ ಮಾತು ಬಂದಾಗ ಆತನ ಕಣ್ಣು ಬೇರೆ ಕಡೆ ಹೊರಳಿತು. ಆದರೂ ಅಷ್ಟು ಸಣ್ಣ ಚೂರು ನನಗೆ ಸಾಲುವುದಿಲ್ಲ.

ಯಾಕೆ ಸಾಲುವುದಿಲ್ಲ ಎಂದು ನಿಮಗೆ ಮಾತ್ರ ಹೇಳುತ್ತೇನೆ. ಹುಟ್ಟಿದಾಗಿನಿಂದ ನಾನು ಹೆದರಿಕೊಂಡೇ ಬದುಕಿದವಳು. ಟ್ಯಾಕ್ಸಿಯಲ್ಲಿ ಭಯ, ಸಂತೆಯಲ್ಲಿ ಭಯ, ಸೂಪರ್‌ವೈಸರ್ ಹಿಂದೆ ನಿಂತರೆ ಸೂಜಿಯಲ್ಲಿ ದಾರವೇ ನಿಲ್ಲುವುದಿಲ್ಲ. ಆ ಶಾಲು ಹೊದ್ದ ಮೇಲೆ, ವಿಚಿತ್ರ ನೋಡಿ, ನಡುಕ ಒಳಗೇ ಉಳಿಯುತ್ತದೆ. ಟ್ಯಾಕ್ಸಿಯವರು ನನ್ನೆದುರು ಹಾಡಿನ ಸದ್ದು ತಗ್ಗಿಸುತ್ತಾರೆ. ಕುಡುಕರು ದಾರಿ ಬಿಡುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ನಗುವಾಗ ನನ್ನನ್ನು ಯಾರೂ "ನೀನ್ಯಾಕ್ ನಗಲ್ಲ?" ಎಂದು ಕೇಳುವುದಿಲ್ಲ. ಅದನ್ನು ತೆಗೆದ ಮಾರನೇ ದಿನದಿಂದ ನಾನು ನಗಬೇಕು. ಕೆಂಪು ಬಟ್ಟೆ ಉಡಬೇಕು. ಎಲ್ಲರೂ "ಮುಗೀತಲ್ಲ, ಇನ್ನೇನು" ಎನ್ನುತ್ತಾರೆ. ನನಗೆ ಮುಗಿದಿಲ್ಲ ಅತ್ತೆಮ್ಮ. ಬೆಳಿಗ್ಗೆ ಗಂಜಿ ಮಾಡುವಾಗ ಈಗಲೂ ಅವನ ಪಾಲಿನ ಹಿಟ್ಟನ್ನೂ ಸೇರಿಸಿಬಿಡುತ್ತೇನೆ. ಒಂದು ವರ್ಷ ಎಂದು ಹಿರಿಯರು ಸುಮ್ಮನೆ ಮಾಡಿಲ್ಲ. ಆ ವರ್ಷ ನನ್ನದು, ಅದನ್ನು ಪೂರ್ತಿ ಉಡಬೇಕು.

ಇಷ್ಟೆಲ್ಲ ಆಫೀಸಿನಲ್ಲಿ ಹೇಳಲು ನನ್ನಿಂದಾಗುತ್ತದೆಯೇ? ಶಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಕೆನೆವೊ ಮೇಡಂಗೆ ಕನಿಕರ ಬಂತು. ಯೋಚಿಸಿ, ಹೊಸ ದಾರಿ ಸಿಕ್ಕ ಹಾಗೆ ಚಪ್ಪಾಳೆ ತಟ್ಟಿ, "ಸರಿ, ಶಾಲು ಬಿಡ್ಬೇಡ. ಯಂತ್ರ ಬಿಡು. ನಾಳೆಯಿಂದ ದಾರ ಕತ್ತರಿಸೋ ಟೇಬಲ್‌ಗೆ ಹೋಗು. ಅಲ್ಲಿ ಬೆಲ್ಟೂ ಇಲ್ಲ ಮೋಟ್ರೂ ಇಲ್ಲ, ಆರಾಮಾಗಿ ಕೂತ್ಕೋ" ಎಂದರು. ಗುವೊ ಸಾಹೇಬರೂ ತಲೆ ಅಲ್ಲಾಡಿಸಿದರು. ಎಲ್ಲರಿಗೂ ಸಮಾಧಾನ, ನನಗೂ ಎದೆಯ ಭಾರ ಇಳಿದ ಹಾಗಾಯಿತು. ಆ ಟೇಬಲ್ಲಿನಲ್ಲಿ ಯಾರನ್ನು ಕೂರಿಸುತ್ತಾರೆ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನೀವಿದ್ದಿದ್ದರೆ ಅಲ್ಲೇ ತಲೆ ಚಚ್ಚಿಕೊಳ್ಳುತ್ತಿದ್ದಿರಿ. ಬಸುರಿಯರನ್ನು, ಅತ್ತೆಮ್ಮ, ಬಸುರಿಯರನ್ನು!

ಬೆಳಿಗ್ಗೆ ಹೋಗಿ ಕೂತೆ. ನಮ್ಮ ಪಕ್ಕದ ಮನೆಯ ಪುಸೆಲೆತ್ಸೊ ಎದುರಿಗಿದ್ದಳು. ನಿಮಗೆ ಗೊತ್ತಲ್ಲ, ಎರಡು ಸಲ ಹೋಗಿ ಈಗ ನಿಂತಿರುವ ಗರ್ಭ. ದಿನಾ ನನ್ನ ಜೊತೆ ಬರುವವಳು, ಆದರೆ ನಾನು ಶಾಲು ಹೊದ್ದಂದಿನಿಂದ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಾ ಅಲ್ಲಿಂದಲೇ ಮಾತಾಡುತ್ತಾಳೆ. ಅವಳು ನನ್ನನ್ನು ನೋಡಿದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು, ಸ್ಟೂಲು ಎತ್ತಿಕೊಂಡು ಗೋಡೆಗೆ ಹೋಗಿ ನಿಂತಳು. ಅವಳ ಹಿಂದೆ ಉಳಿದವರೂ ಎದ್ದರು. ಅವರಲ್ಲಿ ಒಬ್ಬಳು ಪಾಪ ಕೈಮುಗಿದಳು. "ಅಕ್ಕಾ, ಬೇಜಾರ್ ಮಾಡ್ಕೋಬೇಡ. ನಿನ್ ಮೇಲೆ ನಮಗೇನೂ ಇಲ್ಲ. ನಿನ್ ಬಟ್ಟೆ ಕಂಡ್ರೆ ಭಯ, ಅಷ್ಟೇ." ನಾನು ಎದ್ದು ಹೋಗಬೇಕಿತ್ತು, ಕೂತೇ ಇದ್ದೆ. ಅಷ್ಟರಲ್ಲಿ ಗುವೊ ಸಾಹೇಬರು ಬಂದರು. ನೋಡುತ್ತಾರೆ, ಟೇಬಲ್ಲಿನ ತುಂಬ ಜಾಕೆಟ್ಟು, ಗೋಡೆಗೆ ಒರಗಿ ನಿಂತ ತುಂಬು ಹೊಟ್ಟೆಯ ಹೆಂಗಸರು, ನಡುವೆ ಒಬ್ಬಳೇ ಕೂತ ವಿಧವೆ. "ಸ್ಟ್ರೈಕಾ?" ಎಂದರು. ಕೆನೆವೊ ಮೇಡಂ ಓಡಿ ಬಂದವರು ವಿಷಯ ತಿಳಿದು ಹಣೆ ಹಿಡಿದುಕೊಂಡರು, ಆಮೇಲೆ ಅವರಿಗೆ ಸಿಟ್ಟು ಬಂತು. ತಮ್ಮ ಮೇಲೆ ಬಂದ ಸಿಟ್ಟನ್ನು ಬಸುರಿಯರ ಮೇಲೆ ಬಿಟ್ಟರು. "ಇದು ಕಾರ್ಖಾನೆ ಕಣ್ರೀ, ನಿಮ್ಮಜ್ಜಿ ಮನೆ ಅಂಗಳ ಅಲ್ಲ! ಕೂತ್ಕೊಳ್ರಿ, ಇಲ್ಲಾಂದ್ರೆ ಎಲ್ರೂ ಮನೆಗೆ ನಡೀರಿ!"

ಆಗ ನಾನು ಎದ್ದೆ. ಬಾಯಿ ತಾನಾಗಿ ತೆರೆಯಿತು. "ಮೇಡಂ, ಅವರನ್ನ ಬೈಬೇಡಿ. ನನ್ ಬಟ್ಟೆ ನಾನು ಬಿಡಲ್ಲ ಅಂತೀನಿ, ಅವರ ಭಯ ಅವರು ಬಿಡಲ್ಲ ಅಂತಾರೆ. ಅವರದ್ದು ತಪ್ಪು ಅನ್ನೋದಾದ್ರೆ ನಂದೂ ತಪ್ಪೇ." ಅಷ್ಟು ಹೇಳಿ ಹೊರಗೆ ಬಂದು ನಲ್ಲಿಯ ಹತ್ತಿರ ಕೂತು ವಾಂತಿ ಮಾಡಿಕೊಂಡೆ. ಧೈರ್ಯ ಅಭ್ಯಾಸವಿಲ್ಲದ ಹೊಟ್ಟೆ ನೋಡಿ. ಪುಸೆಲೆತ್ಸೊ ದೂರದಿಂದಲೇ ನೀರಿನ ಲೋಟ ನೆಲದ ಮೇಲಿಟ್ಟು ಹಿಂದೆ ಸರಿದು ನಿಂತಳು. "ಕುಡಿ ಅಕ್ಕ. ಮಗು ಹುಟ್ಟಿದ ಮೇಲೆ ಮೊದಲು ನಿನ್ ಕೈಗೇ ಕೊಡ್ತೀನಿ, ನಿನ್ ಸೂತಕ ಮುಗೀಲಿ" ಎಂದಳು.

ಹೋದ ವಾರ, ಅವತ್ತೇ ಮಧ್ಯಾಹ್ನ ಆಫೀಸಿನಿಂದ ಮಾತು ಬಂತು. ಸೋಮವಾರದಿಂದ ಶಾಲು ಇಲ್ಲದೆ ಯಂತ್ರಕ್ಕೆ ಬರಬೇಕು, ಇಲ್ಲದಿದ್ದರೆ ಸೂತಕ ಮುಗಿಯುವವರೆಗೆ ಮನೆಯಲ್ಲಿರಬೇಕು, ಆಮೇಲೆ ಜಾಗ ಇದ್ದರೆ ನೋಡೋಣ. ಜಾಗ ಇದ್ದರೆ! ಗೇಟಿನ ಹೊರಗೆ ದಿನಾ ಬೆಳಿಗ್ಗೆ ಎಷ್ಟು ಹುಡುಗಿಯರು ಕಂಬಳಿ ಹೊದ್ದು ಕಾಯುತ್ತಾರೆ ಎಂದು ನಿಮಗೆ ಗೊತ್ತು. ಈ ವಿಷಯವನ್ನೇ ಭಾವ ನಿಮಗೆ ಮುಟ್ಟಿಸಿದ್ದು, ನೀವು ತೆಗೆದುಬಿಡು ಎಂದದ್ದು.

ಬೇರೆ ದಾರಿಯಿಲ್ಲದೆ ಈ ವಾರವೆಲ್ಲ ಶಾಲನ್ನು ಲಾಕರಿನಲ್ಲಿಟ್ಟು ಯಂತ್ರದಲ್ಲಿ ಕೂತೆ, ಬರಿಯ ಬೆನ್ನಲ್ಲಿ ಕೂತ ಹಾಗೆ. ಕೈ ಹೊಲಿಯುತ್ತಿತ್ತು, ತಲೆ ಒಂದೇ ಕಡೆ ಸುತ್ತುತ್ತಿತ್ತು. ಕಂಪನಿಗೆ ನಿಜವಾಗಿ ಬೇಕಾದದ್ದೇನು? ನಾನು ಅಳಬಾರದು ಎಂದಲ್ಲ, ಕಪ್ಪು ಉಡಬಾರದು ಎಂದೂ ಅಲ್ಲ. ಬೆಲ್ಟಿಗೆ ಸಿಗುವ ತುದಿ ಇರಬಾರದು, ಕೆಲಸ ನಿಲ್ಲಬಾರದು, ಅಷ್ಟೇ. ನನಗೆ ಬೇಕಾದದ್ದೇನು? ನೀವು ಹೊದಿಸಿದ್ದು ಹೆಗಲ ಮೇಲಿರಬೇಕು, ಹೊತ್ತು ಮುಳುಗುವಾಗ ನಾನು ಮನೆಯಲ್ಲಿರಬೇಕು. ಇವೆರಡೂ ಒಂದನ್ನೊಂದು ಕಚ್ಚುವುದೇ ಇಲ್ಲವಲ್ಲ! ಕೈಯಲ್ಲಿ ಹಿಡಿದಿದ್ದ ಜಾಕೆಟ್ಟನ್ನು ನೋಡಿದೆ. ಮಣಿಕಟ್ಟಿಗೆ ಬಿಗಿ, ಸೊಂಟಕ್ಕೆ ಬಿಗಿ, ಕುತ್ತಿಗೆಗೆ ಬಿಗಿ. ವರ್ಷಗಟ್ಟಲೆ ಯಾರ್ಯಾರೋ ಮಂಜಿನಲ್ಲಿ ಆಡಲು ಹೊಲಿದುಕೊಟ್ಟಿದ್ದೇನೆ, ನನಗಾಗಿ ಒಂದೂ ಹೊಲಿದಿಲ್ಲ.

ನಿನ್ನೆ ಶುಕ್ರವಾರ ಯಾರೂ ಕರೆಯದೆ ನಾನೇ ಆಫೀಸಿಗೆ ಹೋದೆ. ಬಾಗಿಲು ತಟ್ಟುವ ಮೊದಲು ಎರಡು ಸಲ ಹಿಂದಕ್ಕೆ ಬಂದೆ, ಅದನ್ನು ಬಚ್ಚಿಡುವುದಿಲ್ಲ. ಒಳಗೆ ಹೋಗಿ ಹೇಳಿದೆ, "ಮೇಡಂ, ಬಟ್ಟೆ ಇರುತ್ತೆ, ತುದಿ ಇರಲ್ಲ. ಮೈಗೆ ಬಿಗಿಯಾದ ಕರಿ ಜಾಕೆಟ್ ಹೊಲ್ಕೋತೀನಿ. ಮೆಕ್ಯಾನಿಕ್ ನೋಡ್ಲಿ, ಎಳೆದು ನೋಡ್ಲಿ. ಅವನು ಸರಿ ಅಂದ್ರೆ ಮಾತ್ರ ಕೂರ್ತೀನಿ. ಆ ಟೇಬಲ್ ಹತ್ರ ಹೋಗಲ್ಲ. ಓವರ್‌ಟೈಮಿಗೆ ಹೊತ್ತು ಮುಳುಗಿದ ಮೇಲೆ ಇರಲ್ಲ, ಅದ್ರ ಬದ್ಲು ಬೆಳಿಗ್ಗೆ ಇಸ್ತ್ರಿ ಹೆಂಗಸರ ಜೊತೆ ಬೇಗ ಬರ್ತೀನಿ." ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಒಬ್ಬಳಿಗೆ ಬಿಟ್ರೆ ನಾಳೆ ಎಲ್ರೂ ಹೊತ್ತು ಮುಳುಗ್ತು ಅಂತ ಎದ್ದು ಹೋಗ್ತಾರೆ ಮಾಲಿಂಪೊ." ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ, "ಅಷ್ಟಕ್ಕೋಸ್ಕರ ಯಾರೂ ಗಂಡನ್ನ ಸಾಯಿಸಲ್ಲ ಮೇಡಂ" ಎಂದುಬಿಟ್ಟೆ. ಮೇಡಂ ನಗು ತಡೆಯಲು ಹೋಗಿ ಕೆಮ್ಮಿದರು. ಗುವೊ ಸಾಹೇಬರು ಏನಂದಳು ಏನಂದಳು ಎಂದು ಕೇಳಿದರು. ತಿಳಿಸಿ ಹೇಳಿದ ಮೇಲೆ ಅವರು ನಗಲಿಲ್ಲ. ಅವರು ಹೇಳಿದ್ದನ್ನು ಮೇಡಂ ಹೀಗೆ ಬಿಡಿಸಿದರು. "ನಿನಗೊಬ್ಬಳಿಗೆ ಅಂತ ಮಾಡಿದ್ರೆ ಅದು ದಯೆ, ದಯೆ ನಾನಿರೋ ತನಕ ಮಾತ್ರ, ನಾಳೆ ನಾನು ಇರ್ತೀನೋ ಇಲ್ವೋ. ಮಾಡಿದ್ರೆ ಸೂತಕದಲ್ಲಿರೋ ಎಲ್ಲರಿಗೂ ನಿಯಮ ಅಂತ ಮಾಡ್ಬೇಕು. ಸೋಮವಾರ ಜಾಕೆಟ್ ತಗೊಂಡು ಬಾ. ಮೆಕ್ಯಾನಿಕ್ ಬೇಡ ಅಂದ್ರೆ ಮಾತು ಮುಗೀತು, ಆಮೇಲೆ ಅಳಬಾರದು." ಹೊರಡುವಾಗ ಮೇಡಂ ಮತ್ತೆ ಕೂಗಿ ಹೇಳಿದರು, "ಬಸುರಿಯರ ಟೇಬಲ್ ಕಡೆ ಮಾತ್ರ ಸುಳೀಬೇಡ ತಾಯಿ, ಒಂದು ಆರ್ಡರ್ ಆಗ್ಲೇ ತಡ ಆಯ್ತು!"

ಆದ್ದರಿಂದ ಅತ್ತೆಮ್ಮ, ನಾನು ಹೂಂ ಎಂದದ್ದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಟ್ಯಾಕ್ಸಿಯಲ್ಲಿ ಕಳಿಸುವ ಈ ಕಾಗದ ಇವತ್ತು ರಾತ್ರಿಯೇ ನಿಮ್ಮ ಕೈ ಸೇರುತ್ತದೆ, ನಾಳೆ ಕುರಿ ಹಿಡಿದುಕೊಂಡು ಬರುವುದು ಬೇಡ ಎಂದು ಭಾವನಿಗೆ ನೀವೇ ಫೋನ್ ಮಾಡಿ. ಅವರಿಗೆ ನಾನು ಹೇಳಿದರೆ "ಸೊಸೆ ಬಾಯಿ ಬಿಟ್ಟಳು" ಎಂದು ಹಳ್ಳಿಯೆಲ್ಲ ಸಾರುತ್ತಾರೆ, ನೀವು ಹೇಳಿದರೆ ಸುಮ್ಮನಾಗುತ್ತಾರೆ. ನೀವೇ ಹೊದಿಸಿದ್ದು, ಬರುವ ಮಾರ್ಚಿನಲ್ಲಿ ನೀವೇ ಬಂದು ತೆಗೆಯಬೇಕು. ಸೋಮವಾರ ಮೆಕ್ಯಾನಿಕ್ ಒಪ್ಪದಿದ್ದರೆ ಏನು ಗತಿ ಎಂದು ನಾನೂ ಯೋಚಿಸಿದ್ದೇನೆ. ಸಂತೆಯಲ್ಲಿ ಶಾಲಾ ಮಕ್ಕಳ ಬಟ್ಟೆ ಹೊಲಿಯುವ ಹೆಂಗಸರ ಸಾಲಿನಲ್ಲಿ ಒಂದು ಜಾಗ ಕೇಳಿಟ್ಟಿದ್ದೇನೆ. ಹೊಟ್ಟೆ ಅರ್ಧ ತುಂಬುತ್ತದೆ, ಗೊತ್ತು. ಗೇಟಿನಿಂದ ಹೊರಗೆ ಬರಬೇಕಾದರೆ ಬರುತ್ತೇನೆ, ಆದರೆ ಕಪ್ಪು ಉಟ್ಟೇ ಬರುತ್ತೇನೆ. ಹೆದರಿಕೆ ಹೋಗಿಲ್ಲ. ಹೆದರಿಕೊಂಡೇ ಹೋಗುತ್ತೇನೆ, ಅಷ್ಟೇ ವ್ಯತ್ಯಾಸ.

ಲಿಸೆಬೊಗೆ, ಅಳಿಯಂದಿರಿಗೆ ನನ್ನ ನೆನಪು ತಿಳಿಸಿ. ಮಗುವಿನ ಕಾಲಿಗೆ ನಾನು ಇಲ್ಲಿಂದಲೇ ಮುತ್ತು ಕೊಟ್ಟೆನೆಂದು ಹೇಳಿ. ತಲೆಗೆ ಟವೆಲು ಕಟ್ಟಿಕೊಳ್ಳದೆ ಬೆಳಗಿನ ಗಾಳಿಗೆ ಹೋಗಬೇಡಿ. ನಿಮ್ಮ ದೇವರೂ ನಮ್ಮ ಹಿರಿಯರೂ ನಿಮ್ಮನ್ನು ಕಾಯಲಿ, ನಿಮ್ಮ ಆಶೀರ್ವಾದ ಸೋಮವಾರ ಬೆಳಿಗ್ಗೆಗೆ ಸ್ವಲ್ಪ ಹೆಚ್ಚಾಗಿಯೇ ಇರಲಿ.

ಇಂತಿ ನಿಮ್ಮ ಸೊಸೆ,
ಲಿಂಪೊಳ ತಾಯಿ ಮಾಲಿಂಪೊ

ಮರೆತ ಮಾತು: ಈ ಕಾಗದ ಒಯ್ಯಲು ಗಡಿ ದಾಟುವ ಟ್ಯಾಕ್ಸಿಯವನು ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಂಗಡಿಯಲ್ಲಿ ಕರಿ ಬಟ್ಟೆ ಬೇಕಾದಷ್ಟಿದೆ, ಆದರೆ ಅದು ನೀವು ಹೊದಿಸಿದ್ದಲ್ಲ, ಬರಿಯ ಬಟ್ಟೆ. ಅದಕ್ಕೇ ಇವತ್ತು ಬೆಳಿಗ್ಗೆ ನಿಮ್ಮ ಶಾಲನ್ನೇ ಹಾಸಿ ಕತ್ತರಿ ಹಾಕಿದ್ದೇನೆ ಅತ್ತೆಮ್ಮ. ನಿಮ್ಮನ್ನು ಕೇಳದೆ, ಯಾರನ್ನೂ ಕೇಳದೆ. ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ಒಂದು ಗಂಟಿನಲ್ಲಿ ಕಟ್ಟಿಟ್ಟಿದ್ದೇನೆ. ಸೂತಕ ಇಳಿಸಿ ಬಟ್ಟೆ ಸುಡುವ ದಿನ ಒಂದು ಎಳೆಯೂ ಕಡಿಮೆಯಾಗುವುದಿಲ್ಲ. ಭಾವ ನಾಳೆ ಬಂದರೂ ತೆಗೆಯುವುದಕ್ಕೆ ಈಗ ಶಾಲು ಇಲ್ಲ, ಅದು ಜಾಕೆಟ್ ಆಗಿದೆ. ಬಲದ ತೋಳು ಕೂರಿಸುವುದು ಬಾಕಿ ಇದೆ, ಹೊತ್ತು ಮುಳುಗುವುದರೊಳಗೆ ಕೂರಿಸುತ್ತೇನೆ.